ಷಡ್ಡಕರ ಕಾರಿಗೆ ಎಣ್ಣೆಸ್ನಾನ

ನಮ್ಮ ಷಡ್ಡಕರಷ್ಟು ಪೂರ್ವಸಿದ್ಧತೆ ಮಾಡಿಕೊಳ್ಳುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ, ಅವನು ಇನ್ನೂ ಹುಟ್ಟುವುದಕ್ಕೇ ಸಿದ್ಧತೆ ನಡೆಸುತ್ತಿರಬೇಕು!

ಷಡ್ಡಕ ಅಂದರೆ ಗೊತ್ತಲ್ಲ, ಹೆಂಡತಿಯ ಅಕ್ಕನ ಗಂಡ. ಅಕ್ಕತಂಗಿಯರನ್ನು ಮದುವೆಯಾದ ಒಂದೇ ಕಾರಣಕ್ಕೆ ಇಬ್ಬರು ಅಪರಿಚಿತ ಗಂಡಸರು ಜೀವಮಾನವಿಡೀ ಒಬ್ಬರ ಕಾರನ್ನು ಇನ್ನೊಬ್ಬರು ತಳ್ಳಬೇಕಾದ ವಿಚಿತ್ರ ಸಂಬಂಧ ಇದು. ಇವರು ಧಾರವಾಡದವರು, ನಾನು ಮೈಸೂರಿನವನು. ಇವರು ರೈಲ್ವೆ ಸಿಗ್ನಲ್ ಎಂಜಿನಿಯರಾಗಿ ದುಡಿದು ನಿವೃತ್ತರಾಗಿ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ಅಂಗಳವಿರುವ ಒಂಟಿ ಮನೆ ಮಾಡಿಕೊಂಡವರು. ನಾನು ಈಸ್ಟ್ ಹ್ಯಾಮಿನ ಒಂದು ಫ್ಲ್ಯಾಟಿನಲ್ಲಿದ್ದುಕೊಂಡು, ಪಾರ್ಕ್ ರಾಯಲ್‌ನ ಚಪಾತಿ ಕಾರ್ಖಾನೆಯಲ್ಲಿ ಚಪಾತಿಗಳು ದುಂಡಗಿವೆಯೇ ಎಂದು ನೋಡುವವನು. ನಗಬೇಡಿ. ಅದಕ್ಕೂ ಒಂದು ಡಿಪಾರ್ಟ್‌ಮೆಂಟಿದೆ.

ಷಡ್ಡಕರ ಸಿದ್ಧತೆಯ ರುಚಿ ನಮ್ಮ ಅತ್ತಿಗೆಗೆ, ಅಂದರೆ ಅವರ ಹೆಂಡತಿಗೆ, ಮದುವೆಯ ದಿನವೇ ಸಿಕ್ಕಿತ್ತಂತೆ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ವರ ನಾಪತ್ತೆ! ಎಲ್ಲೆಲ್ಲೂ ಹುಡುಕಿದರೆ ಬಾಸಿಂಗ ಕಟ್ಟಿಕೊಂಡ ಮಹಾಶಯರು ಛತ್ರದ ಹಿಂಬದಿಯಲ್ಲಿ ಸ್ಟೂಲಿನ ಮೇಲೆ ನಿಂತು ಫ್ಯೂಸ್ ಪರೀಕ್ಷೆ ಮಾಡುತ್ತಿದ್ದರಂತೆ. "ಮಂಗಳಸೂತ್ರ ಕಟ್ಟೂ ಮುಂದ ಕರೆಂಟ್ ಹೋದ್ರ ಯಾರ ಕೊರಳಿಗೆ ಕಟ್ಟಲಿ?" ಎಂದು ಇವರ ವಾದ. ಕೈಹಿಡಿದು ಸ್ಟೂಲಿನಿಂದ ಇಳಿಸಿ ನೇರ ಮಂಟಪಕ್ಕೆ ಎಳೆದೊಯ್ದರಂತೆ.

ಒಮ್ಮೆ ಎರಡೂ ಸಂಸಾರ ಸೇರಿ ಬ್ರೈಟನ್ನಿಗೆ ಸಮುದ್ರ ನೋಡಲು ಹೊರಟೆವು. ಬೆಳಗ್ಗೆ ಆರಕ್ಕೆ ಹೊರಡುವುದೆಂದು ಮಾತು. ಚಹಾದ ಫ್ಲಾಸ್ಕು, ಅದು ಒಡೆದರೆ ಇರಲೆಂದು ಇನ್ನೊಂದು ಫ್ಲಾಸ್ಕು, ಎರಡೂ ಒಡೆದರೆ ಗಾಜು ಗುಡಿಸಲು ಕಸಬರಿಗೆ, ಹೀಗೆ ಒಂದೊಂದೇ ಡಿಕ್ಕಿಗೆ ಸೇರುತ್ತಾ ಹೋಗಿ, ನಾವು ಮುಟ್ಟುವ ಹೊತ್ತಿಗೆ ಜನ ಟವೆಲ್ ಮಡಚುತ್ತಿದ್ದರು. ನಾವು ಸಮುದ್ರ ನೋಡಿದೆವು ಅನ್ನುವುದಕ್ಕಿಂತ, ಸಮುದ್ರವೇ ನಮ್ಮನ್ನು ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ಸರಿದಿತ್ತು ಅನ್ನಬೇಕು.

"ತಯಾರಿ ಅಂದ್ರ ಅರ್ಧಾ ಕೆಲಸ ಅಲ್ಲೋ ತಮ್ಮಾ, ತಯಾರಿನ ಪೂರ್ತಿ ಕೆಲಸ. ಆಮ್ಯಾಲಿಂದು ಏನದ, ಬರೇ ಸ್ಪ್ಯಾನರ್ ತಿರುಗಿಸೂದು" ಎನ್ನುತ್ತಾರೆ ಷಡ್ಡಕರು.

ಸ್ಪ್ಯಾನರ್ ಅಂದೆನಲ್ಲ, ಈಗ ಕಾರಿನ ವಿಷಯಕ್ಕೆ ಬರಲೇಬೇಕು. ಈ ದೇಶಕ್ಕೆ ಬಂದ ಹೊಸದರಲ್ಲಿ ಅವರು ಕೊಂಡ ಇಂಗ್ಲಿಷ್ ಕಾರು ಅದು. ಕೊಂಡಾಗಲೇ ಹಳೆಯದು. ಬಣ್ಣ ಒಂದು ಕಾಲಕ್ಕೆ ಹಸಿರು, ಈಗ ಉಪ್ಪಿನಕಾಯಿಯ ಮಾವಿನ ಹೋಳಿನದು. ವಯಸ್ಸು ನಲವತ್ತು ದಾಟಿದ್ದರಿಂದ ಲಂಡನ್ನಿನ ಹೊಗೆ ತೆರಿಗೆಯೂ ಅದಕ್ಕಿಲ್ಲ. ಸರ್ಕಾರವೇ 'ಪಾಪ, ಇರಲಿ' ಎಂದು ಬಿಟ್ಟುಬಿಟ್ಟಿದೆ. ಅದರ ಹಿಂದಿನ ಗಾಲಿಗಳ ಮೇಲೆ ಇರುವುದು ಈಗಿನ ಕಾರುಗಳ ಸುರುಳಿ ಸ್ಪ್ರಿಂಗಲ್ಲ, ಕಮಾನುಪಟ್ಟಿ. ನಮ್ಮೂರಿನ ಲಾರಿಗಳ ಹಿಂದೆ ನೋಡಿರುತ್ತೀರಿ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಬಿಲ್ಲಿನ ಹಾಗೆ ಬಗ್ಗಿಸಿರುತ್ತಾರಲ್ಲ, ಅದೇ. ಈ ಕಾರಿನ ಬಿಲ್ಲುಗಳು ಎಷ್ಟೋ ವರ್ಷಗಳ ಕೆಳಗೇ ಹೆದೆ ಬಿಚ್ಚಿ ಚಪ್ಪಟೆಯಾಗಿದ್ದವು. ಹಿಂಭಾಗ ನೆಲಕ್ಕೆ ಕುಸಿದು, ಮೂತಿ ಆಕಾಶಕ್ಕೆ ಎದ್ದು, ಕಾರು ಸದಾ ಯಾವುದೋ ವಿಮಾನವನ್ನು ಹುಡುಕುತ್ತಿರುವಂತೆ ಕಾಣುತ್ತಿತ್ತು. ಎಡಗಡೆ ಇನ್ನೂ ಎರಡು ಬೆರಳು ಹೆಚ್ಚು ಕುಸಿತ. ಅದು ನಮ್ಮ ಅತ್ತೆಯ ಸೀಟು.

ಅತ್ತೆ ಅಂದರೆ ನಮ್ಮಿಬ್ಬರ ಹೆಂಡಂದಿರ ತಾಯಿ. ಎಂಬತ್ತೆರಡು ವರ್ಷ, ಐವತ್ತೆರಡು ಕಿಲೋ. ಸ್ಟ್ಯಾನ್ಮೋರಿನಲ್ಲಿ ಹಿರಿಯ ಮಗಳ ಜೊತೆಗೇ ಇದ್ದಾರೆ. ಕಳೆದ ಮೇ ತಿಂಗಳಲ್ಲಿ ಅವರು ಬಚ್ಚಲಿನಲ್ಲಿ ಜಾರಿ ಬಿದ್ದರು. ಬೆನ್ನುಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು, ಮೂರು ತಿಂಗಳು ಹಾಸಿಗೆ. ಅತ್ತಿಗೆ ಮನೆಯನ್ನು ತಲೆಯ ಮೇಲೆ ಹೊತ್ತುಕೊಂಡು ಬಚ್ಚಲಿಗೆ ರಬ್ಬರ್ ಚಾಪೆ, ಗೋಡೆಗೆ ಮೂರು ಕಡೆ ಹಿಡಿ, ಕೂರಲು ಕುರ್ಚಿ, ಎಲ್ಲ ಹಾಕಿಸಿದರು. ಹಾಕಿದವರು ಷಡ್ಡಕರು. ಆ ಹಿಡಿಗಳನ್ನು ಅವರು ಯಾವ ಸಿದ್ಧತೆಯೂ ಇಲ್ಲದೆ ಅದೇ ಸಂಜೆ ಬಾಯಿ ಮುಚ್ಚಿಕೊಂಡು ಹಾಕಿಬಿಟ್ಟರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ನೋಡುವುದು ಚಪಾತಿಗಳನ್ನು ಮಾತ್ರ.

ಆಗಸ್ಟಿನಲ್ಲಿ ಡಾಕ್ಟರು ನೋಡಿ, ಅತ್ತೆ ಓಡಾಡಬಹುದು, ಕಾರಿನಲ್ಲಿ ಹೋಗಬಹುದು, ಆದರೆ ಕುಲುಕಾಟ ಆಗಬಾರದು ಅಂದರು. ಅದೇ ವಾರ ನಮ್ಮ ಮಗಳು ಬಸುರಿ ಎಂಬ ಸುದ್ದಿ ಬಹಿರಂಗವಾಯಿತು. ನಮ್ಮ ಹೆಂಡತಿಯ ಕಡೆಯವರಲ್ಲಿ ಏಳನೇ ತಿಂಗಳಿಗೆ ಕುಬಸ ಮಾಡುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ. ಆ ಮನೆತನದ ಹೆಣ್ಣುಮಕ್ಕಳಿಗೆಲ್ಲ ಮೊದಲ ಬಳೆ ತೊಡಿಸಿದ್ದು ಅತ್ತೆಯೇ. ಮೊಮ್ಮಗಳಿಗೂ ತಾನೇ ತೊಡಿಸಬೇಕೆಂದು ಅವರ ಆಸೆ. ಇಂಗ್ಲಿಷಿನಲ್ಲೇ ಉತ್ತರಿಸುವ ನಮ್ಮ ಮಗಳು ಕೂಡ "ಅಜ್ಜಿ ಬರ್ದಿದ್ರೆ ನೋ ಬ್ಯಾಂಗಲ್ಸ್" ಎಂದು ಅರ್ಧ ಕನ್ನಡದಲ್ಲಿ ಘೋಷಿಸಿದಳು. ಅಕ್ಟೋಬರಿನ ಕೊನೆಯ ಭಾನುವಾರ, ಈಸ್ಟ್ ಹ್ಯಾಮಿನ ನಮ್ಮ ಮನೆಯಲ್ಲಿ ಎಂದು ನಿಗದಿಯಾಯಿತು.

ಅತ್ತಿಗೆಯ ಹತ್ತಿರ ಹೊಸ ಎಲೆಕ್ಟ್ರಿಕ್ ಕಾರಿದೆ. ಕೂತರೆ ಹತ್ತಿಯ ಮೇಲೆ ಕೂತ ಹಾಗೆ. ಅದರಲ್ಲಿ ಬನ್ನಿ ಎಂದರೆ ಅತ್ತೆ ತಲೆ ಅಲ್ಲಾಡಿಸಿಬಿಟ್ಟರು. "ಅದು ಸಪ್ಪಳಿಲ್ಲದ ಗಾಡಿ, ನನಗ ತಲಿ ತಿರುಗ್ತದ. ಹೋದ್ರ ಅಳಿಯಾರ ಗಾಡ್ಯಾಗ ಹೋಗ್ತೀನಿ, ಇಲ್ಲಂದ್ರ ಮನ್ಯಾಗ ಇರ್ತೀನಿ."

ಅತ್ತಿಗೆ ಬೇಡಿಕೊಂಡರು, ನನ್ನ ಹೆಂಡತಿ ಅತ್ತಳು, ನಾನು ಬಸ್ಸು ಟ್ಯೂಬು ಎಲ್ಲ ಲೆಕ್ಕ ಹಾಕಿ ತೋರಿಸಿದೆ. ಊಹೂಂ! ವಯಸ್ಸಾದ ಮೇಲೆ ಹಟ ಹೆಚ್ಚುತ್ತದೆ ಎಂದು ಎಲ್ಲರೂ ಒಪ್ಪಿಕೊಂಡೆವು. ಷಡ್ಡಕರು ಮಾತ್ರ ಎದ್ದು ಹೋಗಿ ಕಾರಿನ ಕೆಳಗೆ ಟಾರ್ಚ್ ಹಾಕಿಕೊಂಡು ಮಲಗಿದರು. ಹೊರಗೆ ಬಂದವರೇ, "ಹಿಂದಿನ ಕಮಾನುಪಟ್ಟಿ ಎರಡೂ ಬದಲಿ ಮಾಡೂದು. ನಾನ ಮಾಡಾಂವ" ಅಂದರು.

"ಗ್ಯಾರೇಜಿಗೆ ಕೊಡಬಹುದಲ್ಲ ಅಣ್ಣಾ?" ಅಂದೆ.

"ಗ್ಯಾರೇಜಿನವ್ರಿಗೆ ಬೋಲ್ಟ್ ಗೊತ್ತು. ಅತ್ಯಾನ ಸೊಂಟ ಗೊತ್ತಿಲ್ಲ."

ಕುಬಸಕ್ಕೆ ಹತ್ತು ವಾರ ಬಾಕಿಯಿತ್ತು. ಸಾಮಾನ್ಯ ಮನುಷ್ಯನಿಗೆ ಎರಡು ದಿನದ ಕೆಲಸ. ಷಡ್ಡಕರಿಗೆ ಹತ್ತು ವಾರ ಸಾಲುತ್ತದೆಯೇ ಎಂದು ನನ್ನ ಹೆಂಡತಿ ಆಗಲೇ ಬೆರಳು ಮಡಚಿ ವಾರ ಎಣಿಸತೊಡಗಿದಳು.

ಮೊದಲಿಗೆ ಒಂದು ನೋಟ್‌ಬುಕ್ ಬಂತು. ಎಡಗಡೆ ಏಳು ನಟ್ಟು, ಬಲಗಡೆ ಏಳು ನಟ್ಟು, ಒಟ್ಟು ಹದಿನಾಲ್ಕು. ಒಂದೊಂದಕ್ಕೂ ಒಂದೊಂದು ಪುಟ. ಅದರಲ್ಲಿ ಅದರ ಚಿತ್ರ, ತುಕ್ಕಿನ ಬಣ್ಣ, ಸ್ವಭಾವ. ಹೌದು ಸ್ವಾಮಿ, ಸ್ವಭಾವ! 'ಎಡ ಮೂರು: ಹಟಮಾರಿ. ಬಲ ಐದು: ಮೇಲೆ ಮೆತ್ತಗೆ, ಒಳಗೆ ಗಟ್ಟಿ' ಎಂದೆಲ್ಲ ಬರೆದಿತ್ತು. ನಮ್ಮ ಮಗಳಿಗೆ ಗಂಡು ನೋಡುವಾಗ ನಾವು ಇಷ್ಟು ವಿಚಾರಿಸಿರಲಿಲ್ಲ.

ಆಮೇಲೆ ಎಣ್ಣೆಸ್ನಾನ. ನಲವತ್ತು ವರ್ಷದ ತುಕ್ಕು ಒಮ್ಮೆಲೇ ಬಿಡುವುದಿಲ್ಲ, ದಿನವೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸುತ್ತಲೇ ಇರಬೇಕಂತೆ. ಸೆಪ್ಟೆಂಬರಿನಲ್ಲಿ ಕಾರಿನ ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಗಾಲಿ ಬಿಚ್ಚಿಟ್ಟರು. ದಿನಾ ಬೆಳಗ್ಗೆ ಸ್ನಾನ ಸಂಧ್ಯಾವಂದನೆ ಮುಗಿಸಿ, ಹಣೆಯ ಗಂಧ ಆರುವ ಮುಂಚೆ, ಒಂದು ಸ್ಟೀಲ್ ಬಟ್ಟಲಿನಲ್ಲಿ ಎಣ್ಣೆ ಹಾಕಿಕೊಂಡು ಕಾರಿನ ಕೆಳಗೆ ನುಸುಳುವುದು. ಹಳೇ ಟೂತ್‌ಬ್ರಷ್ಷಿನಿಂದ ಒಂದೊಂದು ನಟ್ಟಿಗೂ ತಿಕ್ಕಿ ತಿಕ್ಕಿ ಹಚ್ಚುವುದು. ಅಂಗಳಕ್ಕೆ ಹೋದವರಿಗೆ ಕಾಣುತ್ತಿದ್ದದ್ದು ಎರಡು ಪಾದ, ಕೇಳುತ್ತಿದ್ದದ್ದು ವಿಷ್ಣು ಸಹಸ್ರನಾಮ.

ಇಲ್ಲೊಂದು ಅನಾಹುತವಾಯಿತು. ಅದೇ ಮನೆಯಲ್ಲಿ ಅದೇ ಅಳತೆಯ ಇನ್ನೊಂದು ಸ್ಟೀಲ್ ಬಟ್ಟಲಿತ್ತು. ಅದರಲ್ಲಿ ಅತ್ತೆಯ ಮೊಣಕಾಲಿಗೆ ಹಚ್ಚುವ ಮಹಾನಾರಾಯಣ ತೈಲ. ಎರಡೂ ಕಂದು, ಎರಡಕ್ಕೂ ಮೂಗು ಮುಚ್ಚುವಂಥ ವಾಸನೆ. ಎರಡೂ ಬಚ್ಚಲ ಮನೆಯ ಕಿಟಕಿಯಲ್ಲೇ! ಒಂದು ಭಾನುವಾರ ನಾವು ಹೋಗಿದ್ದಾಗ ಷಡ್ಡಕರು ಕಾರಿನ ಕೆಳಗಿನಿಂದ ಕೂಗಿದರು: "ಏನೋ ಇದು, ನಟ್ಟು ಕರ್ಪೂರದ ವಾಸನಿ ಹೊಡೀಲಿಕ್ಹತ್ಯಾವ?" ಅದೇ ಹೊತ್ತಿಗೆ ಒಳಗಿನಿಂದ ಅತ್ತಿಗೆಯ ಕಿರುಚಾಟ. ಆಕೆ ಅತ್ತೆಯ ಎರಡೂ ಮೊಣಕಾಲಿಗೆ ತುಕ್ಕು ಬಿಡಿಸುವ ಎಣ್ಣೆ ಹಚ್ಚಿ ತಿಕ್ಕಿ ಮುಗಿಸಿದ್ದರು!

ಸೋಪು, ಬಿಸಿನೀರು, ಓಡಾಟ, ಬೈಗುಳ. ಷಡ್ಡಕರು ಎಣ್ಣೆಗೈಯಲ್ಲಿ ಬಾಗಿಲ ಬಳಿ ನಿಂತು ಬೆವರುತ್ತಿದ್ದರು. ಅತ್ತಿಗೆ, "ನಿಮ್ಮ ಗಾಡಿ ಹುಚ್ಚಿನ್ಯಾಗ ನಮ್ಮವ್ವನ ಕಾಲು ಹೋಗ್ತಿದ್ವು!" ಎಂದು ಜಾಡಿಸುತ್ತಿದ್ದಾಗ ಅತ್ತೆ ಕಾಲು ಮಡಚಿ, ಚಾಚಿ, ಮತ್ತೆ ಮಡಚಿ ನೋಡಿ ಹೇಳಿದರು: "ಸುಮ್ಮನಿರವಾ. ಹತ್ತು ವರ್ಷದಾಗ ಮೊದಲನೇ ಸಲ ಮೊಣಕಾಲು ಸಡಿಲ ಆಗ್ಯಾವ. ಛಲೋ ಎಣ್ಣಿ ಅದ."

ಅತ್ತಿಗೆ ಸೋಪು ಎತ್ತಿಕೊಂಡು ಬಚ್ಚಲಿಗೆ ಹೋದರು. ನಾನಂತೂ ಆ ಎಣ್ಣೆಯ ಡಬ್ಬಿಯ ಹೆಸರು ಬರೆದುಕೊಂಡು ಬಂದೆ, ನನ್ನ ಭುಜಕ್ಕೆ ಬೇಕಾಗಿತ್ತು.

ಇನ್ನು ಹೊಸ ಕಮಾನುಪಟ್ಟಿಗಳ ಕಥೆ. ಪಾರ್ಕ್ ರಾಯಲ್‌ನಲ್ಲಿ ನಮ್ಮ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲೇ ಇಂಥ ಹಳೆಯ ಪಟ್ಟಿಗಳನ್ನು ಬಗ್ಗಿಸಿಕೊಡುವ ಒಂದು ಪುಟ್ಟ ವರ್ಕ್‌ಶಾಪಿದೆ. 'ನೀನು ಹೇಗೂ ಅಲ್ಲೇ ಇರ್ತೀಯಲ್ಲ' ಎಂಬ ವಾಕ್ಯದಿಂದ ನನ್ನ ಜೀವನದ ಬಹುಪಾಲು ಕಷ್ಟಗಳು ಆರಂಭವಾಗಿವೆ. ಇದೂ ಹಾಗೆಯೇ. ವ್ಯಾನಿನಲ್ಲಿ ತರಿಸಿದರೆ ಆಗದಂತೆ, ಎತ್ತಿ ಹಾಕಿಬಿಡುತ್ತಾರಂತೆ, ಕಮಾನಿಗೆ ಪೆಟ್ಟಾಗುತ್ತದಂತೆ. ಹಾಗಾಗಿ ನಾನೇ ಹೊತ್ತು ತರಬೇಕು, ಒಂದು ದಿನಕ್ಕೆ ಒಂದು.

ನಾಲ್ಕಡಿ ಉದ್ದ, ಹದಿನೈದು ಕಿಲೋ ಉಕ್ಕು, ತುದಿಯಲ್ಲಿ ಸುರುಳಿ. ಅದಕ್ಕೆ ಗೀರು ಬೀಳದಿರಲೆಂದು ಅತ್ತಿಗೆಯ ಹಳೆಯ ಇಳಕಲ್ ಸೀರೆ ಸುತ್ತಿ ಕೊಟ್ಟರು ಷಡ್ಡಕರು. ಬಸ್ಸಿನಲ್ಲಿ ವೆಂಬ್ಲಿ ಪಾರ್ಕಿಗೆ ಬಂದು, ಅಲ್ಲಿಂದ ಜುಬಿಲಿ ಲೈನಿನ ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೂತೆ. ಎದುರು ಸೀಟಿನ ಹೆಂಗಸೊಬ್ಬರು, ಹಣೆಯ ಕುಂಕುಮ ನೋಡಿದರೆ ನಮ್ಮ ಕಡೆಯವರೇ, ಭಕ್ತಿಯಿಂದ ಕೇಳಿದರು: "ವೀಣೆಯಾ?"

ಏನು ಹೇಳಲಿ? ಚಪಾತಿ ಹಿಟ್ಟಿನ ಅಂಗಿ ಹಾಕಿಕೊಂಡು ಕಾರಿನ ಬಿಡಿಭಾಗ ಹೊತ್ತವನಿಗೂ ಒಂದು ಮರ್ಯಾದೆ ಅಂತ ಇರುತ್ತದಲ್ಲ. "ಹೌದು" ಅಂದೆ. "ಎಷ್ಟು ವರ್ಷದಿಂದ ಕಲೀತಿದೀರಿ?" "ಈಗ ತಾನೇ ಶುರು." ಮರುದಿನ ಎರಡನೆಯ ಪಟ್ಟಿ ಹೊತ್ತು ಅದೇ ರೈಲು ಹತ್ತಿದರೆ ಅದೇ ಹೆಂಗಸು! "ದಿನಾ ಪಾಠಕ್ಕೆ ಹೋಗ್ತೀರಲ್ಲ, ಎಂಥ ಶ್ರದ್ಧೆ" ಅಂದರು. ನಾನು ಸ್ಟ್ಯಾನ್ಮೋರ್ ಬರುವವರೆಗೂ ತಲೆ ತಗ್ಗಿಸಿಕೊಂಡೇ ಕೂತಿದ್ದೆ.

ಪಟ್ಟಿಗಳು ಬಂದವು. ಇನ್ನಾದರೂ ಜೋಡಿಸಬಹುದಲ್ಲ? ಅದು ಹೇಗಾಗುತ್ತದೆ! ಆಯುಧಪೂಜೆ ಹತ್ತಿರ ಬಂದಿತ್ತು. ದೇವರ ಮನೆಯಲ್ಲಿ ಎರಡು ಕಮಾನುಪಟ್ಟಿ, ಹದಿನೆಂಟು ಸ್ಪ್ಯಾನರು, ಎರಡು ಸುತ್ತಿಗೆ, ಜ್ಯಾಕು, ಎಲ್ಲಕ್ಕೂ ಕುಂಕುಮವಿಟ್ಟು ಸೇವಂತಿಗೆ ಮುಡಿಸಿ ಪೂಜೆ ನಡೆಯಿತು. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿ ದಾಟುವವರೆಗೆ ಮುಟ್ಟುವಂತಿಲ್ಲ. ಆ ಎರಡು ದಿನ ಲಂಡನ್ನಿನಲ್ಲಿ ಎಂಥ ಬಿಸಿಲು ಅಂತೀರಿ! ಮೂರನೆಯ ದಿನದಿಂದ ಸತತ ಮಳೆ. ಅತ್ತಿಗೆ ಕ್ಯಾಲೆಂಡರಿನ ಮುಂದೆ ನಿಂತು ನಿಟ್ಟುಸಿರು ಬಿಡತೊಡಗಿದರು.

ಗಾಡಿಪೂಜೆಗೂ ಒಂದು ತೊಡಕಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ಮುಂದೆ ಸರಿಸಿ ಒಡೆಯಬೇಕಲ್ಲ. ಈ ಗಾಡಿಯ ಹಿಂಭಾಗವೋ ಗಾಳಿಯಲ್ಲಿ! ಷಡ್ಡಕರು ಸ್ವಲ್ಪ ಯೋಚಿಸಿ, ನಾಲ್ಕೂ ಹಣ್ಣುಗಳಿಗೆ 'ಮುಂದಿನ ಎಡ', 'ಮುಂದಿನ ಬಲ', 'ಹಿಂದಿನ ಎಡ', 'ಹಿಂದಿನ ಬಲ' ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟರು. ಗಾಡಿ ನೆಲಕ್ಕಿಳಿದ ದಿನ ಒಡೆದರಾಯಿತು. ಎರಡು ದಿನದ ಮೇಲೆ ಫ್ರಿಜ್ ತೆಗೆದರೆ ಹಿಂದಿನ ಎಡದ್ದು ಮಾಯ.

"ಎಲ್ಲಿ ಹೋತು?"

"ಚಿತ್ರಾನ್ನಕ್ಕ ಹಿಂಡಿದೆ. ಯಾಕ?" ಎಂದರು ಅತ್ತಿಗೆ.

"ಎಡದ್ದನ್ನ ಹಿಂಡಬೇಕಾಗಿತ್ತೇನು? ಅತ್ಯಾ ಕೂಡೂ ಕಡೆ!" ಎಂದು ಷಡ್ಡಕರು ತಲೆಗೆ ಕೈಹೊತ್ತು ಕೂತರು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಬೇಲಿಯಾಚೆಯಿಂದ ಇದನ್ನೆಲ್ಲ ವಾರಗಟ್ಟಲೆಯಿಂದ ನೋಡುತ್ತಿದ್ದವನು, ಮರುದಿನ ತನ್ನ ಮನೆಯಿಂದ ಒಂದು ನಿಂಬೆಹಣ್ಣು ತಂದು ಕೊಟ್ಟು, "ಫಾರ್ ದಿ ಲೆಫ್ಟ್ ರಿಯರ್" ಎಂದು ಗಂಭೀರವಾಗಿ ಹೇಳಿ ಹೋದ.

ಕೊನೆಗೂ ಕುಬಸಕ್ಕೆ ಎಂಟು ದಿನ ಇರುವ ಶನಿವಾರ ಮಳೆ ನಿಂತಿತು. ಬೆಳಗ್ಗೆ ಎಂಟಕ್ಕೆ ನನಗೆ ಬುಲಾವ್. ಚೆಕ್‌ಲಿಸ್ಟ್ ಓದಿ ಮುಗಿಸುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಮಧ್ಯಾಹ್ನ ಎರಡಕ್ಕೆ ಇಬ್ಬರೂ ಕಾರಿನ ಕೆಳಗೆ ಅಕ್ಕಪಕ್ಕ ಅಂಗಾತ ಮಲಗಿದೆವು. ನಂಬುತ್ತೀರೋ ಇಲ್ಲವೋ, ನಲವತ್ತು ವರ್ಷದ ನಟ್ಟುಗಳು ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ ಒಂದೊಂದೇ ತಿರುಗಿ ಬಂದವು. ಅದರಲ್ಲೂ ಮಹಾನಾರಾಯಣ ತೈಲ ಕುಡಿದ ಮೂರು ನಟ್ಟುಗಳು ಬೆರಳಲ್ಲೇ ಬಿಚ್ಚಿಕೊಂಡವು! ವಾರಗಟ್ಟಲೆಯ ಎಣ್ಣೆಸ್ನಾನಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ನಾನು ಬಾಯಿಬಿಟ್ಟೆ. ಬಾಯಿಗೆ ತುಕ್ಕು ಬಿತ್ತು.

ಎಡಗಡೆಯ ಹಳೆಯ ಕಮಾನು ಕಳಚಿ ನಮ್ಮಿಬ್ಬರ ಎದೆಯ ಮೇಲಕ್ಕೆ ಬಂತು. ಅದನ್ನು ಹೊರಗೆಳೆದು ಅಂಗಳದಲ್ಲಿಟ್ಟೆವು. ನಾನು, "ಮುಗೀತಲ್ಲ ಅಣ್ಣಾ, ಇನ್ನು ಹೊಸದು ಕೂರಿಸೋದೇ" ಎಂದೆ. ಷಡ್ಡಕರು ನೆಲದ ಮೇಲೆ ಕೂತು, ಪಟ್ಟಿಗಳ ನಡುವಿನ ತುಕ್ಕನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಎರಡನೆಯ ಪಟ್ಟಿ ಅಡ್ಡಕ್ಕೆ ಮುರಿದು ಎರಡಾಗಿತ್ತು.

"ಇದು ಯಾವಾಗ ಮುರೀತು ಗೊತ್ತದ ಏನು?" ಎಂದರು.

"ಯಾವಾಗ?"

"ಮೇ ತಿಂಗಳದಾಗ. ಅತ್ಯಾನ್ನ ಗುಡಿಗೆ ಕರಕೊಂಡು ಹೋಗಿದ್ದೆ. ಬರೂ ಮುಂದ ಇಲ್ಲೇ ಸಾಲಿ ಮುಂದಿನ ಹಂಪ್. ನಾ ಏನೋ ಮಾತಾಡ್ಕೋತ ಜೋರಾಗಿ ಹಾರಿಸಿಬಿಟ್ಟೆ. ಕಟ್ ಅಂತ ಸಪ್ಪಳಾತು. ಅತ್ಯಾ 'ಅವ್ವಾ' ಅಂದ್ರು. ಅಷ್ಟ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಮನೀಗೆ ಬಂದು ಇಳೀಲಿಕ್ಕೆ ಆಗಲಿಲ್ಲ ಅವರಿಗೆ. ನಾನ ಎತ್ತಿ ಇಳಿಸಿದೆ. ನಿಮ್ಮತ್ತಿಗಿ ಓಡಿ ಬಂದು ಏನಾತು ಅಂದ್ಳು. ನಾ ಬಾಯಿ ತಗಿಯೂದರಾಗ ಅತ್ಯಾ, 'ಹೋಗೂ ಮುಂದ ಬಚ್ಚಲದಾಗ ಜಾರಿದ್ದೆ, ಆಗ ನೋವಿರ್ಲಿಲ್ಲ, ಈಗ ಬಂದದ' ಅಂದುಬಿಟ್ರು. ಅಂದು, ನನ್ನ ಕಡೆ ಹಿಂಗ ಕಣ್ಣು ಬಿಟ್ಟು ನೋಡಿದ್ರು. ಸುಮ್ಮನಿರು ಅಂತ." ಮುರಿದ ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದರು. "ಐದು ತಿಂಗಳಾತು. ಆ ಬಚ್ಚಲದ ಹಿಡಿ ನೋಡಿದಾಗೊಮ್ಮೆ ನನಗ ಆ ಕಟ್ ಅನ್ನೂ ಸಪ್ಪಳ ಕೇಳಸ್ತದ. ಹೇಳಿಬಿಡೂಣು ಅಂದ್ರ, ಅವರ ಮಾತು ಸುಳ್ಳು ಮಾಡಿ ಮಗಳ ಮುಂದ ಅವರನ್ನ ಸಣ್ಣವರ ಮಾಡಿದ್ಹಂಗ. ಅದಕ್ಕ ತಮ್ಮಾ, ಇದೊಂದು ಕೆಲಸ ನನಗ ತಪ್ಪಬಾರದು."

ನಾನು ಈ ಮನುಷ್ಯನನ್ನು ಮೂವತ್ತು ವರ್ಷದಿಂದ ಗೇಲಿ ಮಾಡುತ್ತಾ ಬಂದವನು. ಆ ನೋಟ್‌ಬುಕ್ಕಿನ ಹದಿನಾಲ್ಕು ಪುಟಗಳು ನೆನಪಾಗಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಎದ್ದು, "ಹೊಸದು ಹಿಡಿರಿ, ಕೂರಿಸೋಣ" ಎಂದೆ.

ಕೂರಿಸಿದೆವು, ಬಲಗಡೆಯದನ್ನೂ ಬದಲಿಸಿದೆವು. ಕಾರು ನಿಂಬೆಹಣ್ಣುಗಳ ಮೇಲೆ ಪಚಕ್ಕೆಂದು ಇಳಿಯಿತು. ಬೇಲಿಯಾಚೆಯ ಅಜ್ಜ ಚಪ್ಪಾಳೆ ತಟ್ಟಿದ. ಆದರೆ ಷಡ್ಡಕರು ಮುಗಿಸಲಿಲ್ಲ. ಕಮಾನಿನ ತುದಿಯ ರಬ್ಬರುಗಳನ್ನು ಗಾಡಿಯ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿ ಮಾಡಬೇಕಂತೆ, ಮೊದಲೇ ಬಿಗಿದರೆ ತಿರುಚಿಕೊಳ್ಳುತ್ತವಂತೆ. ಖಾಲಿ ಗಾಡಿಯ ಭಾರ ಸಾಲದೇ ಎಂದರೆ, "ಖಾಲಿ ಗಾಡಿ ಕುಬಸಕ್ಕ ಹೋಗ್ತದೇನು?" ಎಂದರು. ಎಡ ಸೀಟಿನಲ್ಲಿ ಐವತ್ತೆರಡು ಕಿಲೋ ಆಗುವಂತೆ ತೂಗಿದ ಸೋನಾ ಮಸೂರಿ ಅಕ್ಕಿ ಮೂಟೆಗಳು, ಅವಕ್ಕೆ ಸೀಟ್ ಬೆಲ್ಟು. ಬಲ ಸೀಟಿನಲ್ಲಿ ನನ್ನ ಬದಲು ನಾನೇ. ಅವರು ಕೆಳಗೆ ಮಲಗಿ ಬಿಗಿಯುತ್ತಿದ್ದರೆ, ನಾನು ಅಕ್ಕಿಯ ಜೊತೆ ಎರಡು ಗಂಟೆ ಅಲ್ಲಾಡದೆ ಕೂತಿದ್ದೆ. ಅತ್ತೆ ಕಿಟಕಿಯಿಂದ ನೋಡಿ, "ಅಕ್ಕಿ ನನ್ನಕ್ಕಿಂತ ಛಂದ ಕೂತದ" ಎಂದು ನಕ್ಕರು.

ಕುಬಸದ ಬೆಳಗ್ಗೆ ಅತ್ತಿಗೆ ತಮ್ಮ ಕಾರಿನಲ್ಲಿ ಹೂವು, ಬಳೆ, ಸೀರೆ ತುಂಬಿಕೊಂಡು ಮುಂಚೆಯೇ ಹೊರಟುಹೋದರು. ಅತ್ತೆಯನ್ನು ಹಿಡಿದುಕೊಂಡು ಕೂರಲು ನಾನು ಹಿಂದಿನ ದಿನವೇ ಬಂದಿದ್ದೆ. ಮುಂದಿನ ಸೀಟಿನಲ್ಲಿ ಷಡ್ಡಕರ ಸ್ಪ್ಯಾನರ್ ಪೆಟ್ಟಿಗೆ, ಅದಕ್ಕೂ ಬೆಲ್ಟು. ಹಿಂದೆ ಎಡಕ್ಕೆ ದಿಂಬಿಗೊರಗಿ ಅತ್ತೆ. ಬಲಕ್ಕೆ ನಾನು, ತೊಡೆಯ ಮೇಲೆ ಸಿಹಿ ಮಾದಲಿಯ ಸ್ಟೀಲ್ ಡಬ್ಬಿ. ಕಾರು ಈಗ ಮೂತಿ ಇಳಿಸಿ, ಹಿಂಭಾಗ ಎತ್ತಿ, ಹೊಸ ಅಳಿಯನ ಹಾಗೆ ನಿಂತಿತ್ತು.

ಹೊರಟು ಎರಡು ನಿಮಿಷಕ್ಕೆ ಶಾಲೆ ಬಂತು. ಷಡ್ಡಕರ ಕುತ್ತಿಗೆ ಬಿಗಿಯಾದದ್ದು ಹಿಂದಿನಿಂದಲೇ ಕಂಡಿತು. ಕಾರು ನಡೆಯುವುದಕ್ಕಿಂತ ನಿಧಾನವಾಯಿತು. ಹಿಂದೆ ಮೂರು ಕಾರು ಸಾಲುಗಟ್ಟಿದವು. ಮುಂದಿನ ಗಾಲಿಗಳು ಹಂಪ್ ಹತ್ತಿ ಮೆಲ್ಲಗೆ ಇಳಿದವು. ಆಮೇಲೆ ಹಿಂದಿನವು.

ಒಂದು ಮಾತು ಯಾವ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ. ಹೊಸ ಕಮಾನುಪಟ್ಟಿ ಬಗ್ಗುವುದಿಲ್ಲ. ಅದು ಬಳಸಿ ಬಳಸಿ ಪಳಗಬೇಕು. ಅಲ್ಲಿಯವರೆಗೆ ಅದು ಬರಿಯ ಉಕ್ಕು! ಅಷ್ಟು ನಿಧಾನಕ್ಕೆ ಹೋದರೂ ಹಿಂದಿನ ಸೀಟು ನನ್ನನ್ನು ಎತ್ತಿ ಇಟ್ಟಿತು. ಮಾದಲಿಯ ಡಬ್ಬಿಯನ್ನು ನಾನು ಹೊಟ್ಟೆಗೆ ಅವಚಿಕೊಂಡೆ. ಅದೇ ಕ್ಷಣ ಅತ್ತೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ನಾಲ್ಕು ಉಗುರುಗಳೂ ಚರ್ಮದೊಳಗೆ ಇಳಿದವು.

"ಅತ್ಯಾ," ಷಡ್ಡಕರು ತಿರುಗಿ ನೋಡಲೂ ಹೆದರಿ ಮುಂದೆ ನೋಡಿಕೊಂಡೇ ಕೇಳಿದರು, "ಹೆಂಗಾತು?"

"ಏನು?" ಎಂದರು ಅತ್ತೆ, ಕಿಟಕಿಯಾಚೆ ನೋಡುತ್ತಾ. "ಹಂಪ್ ದಾಟಿತೇನು? ನನಗ ಗೊತ್ತ ಆಗ್ಲಿಲ್ಲ ನೋಡ್ರಿ. ಛಲೋ ಮಾಡೀರಿ."

ಆಗ ನನಗೆ ತುಕ್ಕಿನ ಎಣ್ಣೆ ಹಚ್ಚಿದ ದಿನ ಮಡಚಿ ಚಾಚಿದ ಆ ಮೊಣಕಾಲುಗಳು ನೆನಪಾದವು. ಹತ್ತಿಯಂಥ ಕಾರನ್ನು ಬಿಟ್ಟು ಇದೇ ಗಾಡಿಯಲ್ಲಿ ಬರುತ್ತೇನೆಂದು ಹಿಡಿದ ಹಟ ನೆನಪಾಯಿತು. ತಲೆ ತಿರುಗುವುದೂ ಸುಳ್ಳೇ ಇರಬೇಕು. ಅಳಿಯ ತಪ್ಪಿತಸ್ಥನಾಗಿ ಉಳಿಯಬಾರದೆಂದು ಈ ಮುದುಕಿ ಐದು ತಿಂಗಳಿಂದ ಒಂದೊಂದೇ ಸುಳ್ಳನ್ನು ಜೋಡಿಸುತ್ತಾ ಬಂದಿದ್ದರು. ನನಗೆ ಕಣ್ಣು ತುಂಬಿ ಬಂತು.

ಷಡ್ಡಕರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ವಕ್ರವಾದ ಚಪಾತಿಯನ್ನು ದುಂಡಗಿದೆ ಎಂದು ನಾನು ಯಾವತ್ತೂ ಹೇಳಿದವನಲ್ಲ, ಅದು ಅವರಿಗೆ ಗೊತ್ತು. "ನಿನಗ?" ಎಂದರು.

"ಯಾವ ಹಂಪ್ ಅಣ್ಣಾ?" ಅಂದೆ.

ಮೇ ತಿಂಗಳಿನಿಂದ ಎತ್ತಿಕೊಂಡಿದ್ದ ಅವರ ಭುಜಗಳು ನಿಧಾನಕ್ಕೆ ಇಳಿದವು. ಮೂಗು ಒರೆಸಿಕೊಂಡರು. ಗೇರ್ ಬದಲಿಸಿದರು. ಅತ್ತೆ ಈಸ್ಟ್ ಹ್ಯಾಮ್ ಬರುವವರೆಗೂ ನನ್ನ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.